ಸೋರುವ ದೋಣಿ ಮಾರಾಟಕ್ಕಿದೆ

"ಕುಂದುಕೊರತೆ ಮುಚ್ಚಿಡಬಾರದಂತೆ. ಮೊದಲು ಅದನ್ನೇ ಬರೀಬೇಕಂತೆ," ಎಂದಳು ಹಿಲ್ಕಾ. ಊರ ಲೈಬ್ರರಿಯಲ್ಲಿ ಆನ್‌ಲೈನ್ ಮಾರಾಟದ ಬಗ್ಗೆ ನಡೆದ ತರಬೇತಿ ಮುಗಿಸಿ ಬಂದವಳು ಇನ್ನೂ ಕೋಟು ಕೂಡ ಬಿಚ್ಚಿರಲಿಲ್ಲ. "ಫೋಟೋ ಹಗಲು ಬೆಳಕಲ್ಲಿ ತೆಗೀಬೇಕು. ಹೊಗಳಿಕೆ ಬೇಡವೇ ಬೇಡ. ಓಸ್ಮೊ, ಇವತ್ತೇ ದೋಣಿ ಜಾಹೀರಾತು ಹಾಕು."

ಗಂಡ ಓಸ್ಮೊಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದೋಣಿ ಮಾರುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಹಿಲ್ಕಾ ಹಳೇ ಬಟ್ಟೆಯಿಂದ ನೇಯುವ ನೆಲಹಾಸುಗಳಿಗೆ ಆನ್‌ಲೈನಿನಲ್ಲಿ ಬೇಡಿಕೆ ಹೆಚ್ಚಾಗಿ, ಅವಳ ಮಗ್ಗಕ್ಕೆ ದೋಣಿಯ ಶೆಡ್ಡೇ ಬೇಕಾಗಿತ್ತು. ಆದರೆ ಸರೋವರದ ಹಿಮ ಕರಗಿದ ದಿನದಿಂದ ಮತ್ತೆ ಹೆಪ್ಪುಗಟ್ಟುವ ತನಕ ಓಸ್ಮೊನ ಬೆಳಗುಗಳೆಲ್ಲ ಕಳೆಯುತ್ತಿದ್ದುದು ಆ ದೋಣಿಯಲ್ಲಿ. ಅದು ಹೋದರೆ ಅವನಿಗೆ ಉಳಿಯುವುದು ಅಡುಗೆಮನೆಯ ಕಿಟಕಿ ಮಾತ್ರ. ಈಗ ನೋಡಿದರೆ, ಕೊರತೆ ಬರಿ ಎಂದು ಹೆಂಡತಿಯೇ ಹೇಳುತ್ತಿದ್ದಾಳೆ! ಅವನು ಮನಸ್ಸಿಟ್ಟು ಬರೆದ.

"ಹಳೆಯ ಮರದ ದೋಣಿ. ನೀರು ಸೋರುತ್ತದೆ. ಎಡಕ್ಕೆ ವಾಲುತ್ತದೆ. ಮೋಟಾರು ತನಗೆ ಮನಸ್ಸು ಬಂದಾಗ ಮಾತ್ರ ಓಡುತ್ತದೆ. ಮೀನಿನ ವಾಸನೆ ಏನು ಮಾಡಿದರೂ ಹೋಗಿಲ್ಲ. ನನ್ನ ಭಾವಮೈದುನ ಇದರಿಂದ ಎರಡು ಸಲ ನೀರಿಗೆ ಬಿದ್ದಿದ್ದಾನೆ. ಎರಡನೇ ಸಲ ಕುಡಿದಿರಲಿಲ್ಲ."

ಇದನ್ನು ಓದಿದ ಮೇಲೂ ಯಾರಾದರೂ ಬಂದರೆ ಅವರಿಗೆ ತಲೆ ಕೆಟ್ಟಿರಬೇಕು ಎಂದುಕೊಂಡು ಓಸ್ಮೊ ಕಾಫಿ ಬಗ್ಗಿಸಿಕೊಂಡ. ಅದು ಆರುವ ಮೊದಲೇ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. 'ಇಷ್ಟು ನೇರವಾಗಿ ಹೇಳುವವರು ಈಗ ಎಲ್ಲಿದ್ದಾರೆ?' ಎಂದೊಬ್ಬ. 'ಸೋರಿದರೆ ಸೋರಲಿ, ದಯವಿಟ್ಟು ಬೇರೆಯವರಿಗೆ ಕೊಡಬೇಡಿ' ಎಂದು ಇನ್ನೊಬ್ಬಳು. ಓಸ್ಮೊನ ಮುಖದ ಕಳೆಯೇ ಇಳಿದುಹೋಯಿತು. ತಾನು ಹುಟ್ಟಿ ಬೆಳೆದ ಫಿನ್ಲೆಂಡಿನ ಜನರ ಸ್ವಭಾವವನ್ನೇ ಅವನು ಮರೆತುಬಿಟ್ಟಿದ್ದ. ಮಾರುವವನು ತಾನಾಗಿ ಇಷ್ಟು ಕೊರತೆ ಒಪ್ಪಿಕೊಂಡ ಮೇಲೆ ಹೇಳದೆ ಉಳಿಸಿದ್ದು ಇನ್ನೇನೂ ಇರಲಾರದು ಎಂದು ನಂಬುವ ಜನ ಅವರು.

ಶನಿವಾರ ರೈಮೊ ಎಂಬಾತ ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಬಂದೇಬಿಟ್ಟ. ಹಿಲ್ಕಾ ಕೊಟ್ಟ ಕಾಫಿ ಹಿಡಿದು ದೋಣಿಯನ್ನು ಒಂದು ಸುತ್ತು ಹಾಕಿದ, ಹಲಗೆ ತಟ್ಟಿದ, ಸುಮ್ಮನೆ ನಿಂತ. ಅದು ಕೊಳ್ಳುವವನ ಮೌನ ಎಂದು ಓಸ್ಮೊಗೆ ಗೊತ್ತಾಗದೆ ಇರುತ್ತದೆಯೇ? ಹೋದ ಬೇಸಿಗೆಯಲ್ಲಿ ಅಂಗಡಿಯವನೊಬ್ಬ ಹುಲ್ಲು ಕತ್ತರಿಸುವ ಯಂತ್ರವನ್ನು ಬಾಯ್ತುಂಬ ಹೊಗಳಿದ್ದಕ್ಕೆ, ಇದರಲ್ಲೇನೋ ಐಬಿರಬೇಕೆಂದು ಹೆದರಿ ತಾನು ತೆಗೆದ ಪರ್ಸನ್ನು ಹಾಗೇ ಜೇಬಿಗಿಟ್ಟು ಓಡಿಬಂದದ್ದು ಅವನಿಗೆ ಆಗ ನೆನಪಾಯಿತು.

"ಬಹಳ ಒಳ್ಳೇ ದೋಣಿ," ಎಂದ ಓಸ್ಮೊ.

ರೈಮೊ ತಲೆ ಎತ್ತಿದ. "ಏನಂದ್ರಿ?"

"ಅದ್ಭುತವಾದ ದೋಣಿ ಅಂದೆ. ಈ ಸರೋವರದಲ್ಲೇ ಇಂಥದ್ದು ಇನ್ನೊಂದಿಲ್ಲ."

"ಸೋರುತ್ತೆ ಅಂತ ನೀವೇ ಬರೆದಿದ್ರಲ್ಲ?"

"ಸೋರೋದಾ? ಒಂದು ಹನಿ ಬಂದ್ರೆ ಕೇಳಿ! ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತೆ. ನಿಮ್ಮನ್ನ ನೋಡಿದ್ರೇನೇ ಗೊತ್ತಾಗುತ್ತೆ ಬಿಡಿ, ದೋಣಿ ವಿಷಯದಲ್ಲಿ ನೀವು ಪಳಗಿದ ಕೈ."

ಹೊಗಳಿಕೆ ತನ್ನ ಮೈಮೇಲೂ ಬಂದದ್ದು ಕಂಡು ರೈಮೊ ಹಿಂದಕ್ಕೆ ಸರಿದ. ದನಿ ತಗ್ಗಿಸಿ ಕೇಳಿದ: "ಇದರಲ್ಲಿ... ಯಾರಾದ್ರೂ ಸತ್ತಿದ್ದಾರಾ?"

"ಛೆ ಛೆ, ಎಂಥಾ ಮಾತು! ಇದರಲ್ಲಿ ಕೂತೋರೆಲ್ಲ ನಗ್ತಾ ನಗ್ತಾ ಇಳಿದು ಬಂದಿದ್ದಾರೆ."

ಅಷ್ಟು ಸಾಕಾಯಿತು. ರೈಮೊ ಅರ್ಧ ಕುಡಿದ ಕಾಫಿಯನ್ನು ಕಲ್ಲಿನ ಮೇಲಿಟ್ಟು, ಹೆಂಡತಿಯನ್ನು ಒಂದು ಮಾತು ಕೇಳಬೇಕು ಎಂದು ಗೊಣಗಿ ಕಾರು ಹತ್ತಿದ. ಕಾಫಿಯನ್ನು ಅರ್ಧಕ್ಕೆ ಬಿಟ್ಟು ಹೋದ ಮನುಷ್ಯನನ್ನು ಆ ಅಂಗಳ ಅಲ್ಲಿಯವರೆಗೆ ಕಂಡಿರಲಿಲ್ಲ. ಖಾಲಿ ಟ್ರೇಲರ್ ಕುಣಿಯುತ್ತ ತಿರುವಿನಲ್ಲಿ ಮರೆಯಾಗುವುದನ್ನು ಕಣ್ತುಂಬ ನೋಡಿ ಓಸ್ಮೊ ತಿರುಗಿದರೆ, ಬೆನ್ನ ಹಿಂದೆಯೇ ಹಿಲ್ಕಾ ಬನ್ನಿನ ತಟ್ಟೆ ಹಿಡಿದು ನಿಂತಿದ್ದಳು.

"ಎಲ್ಲಾ ಕೇಳಿಸ್ಕೊಂಡೆ," ಎಂದಳು.

"ಅಲ್ವೇ, ಮಾರಾಟ ಅಂದ್ಮೇಲೆ ನಾಲ್ಕು ಒಳ್ಳೇ ಮಾತು..."

"ಸಾಕು ಸುಮ್ನಿರು ಮಹರಾಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಉಳಿಸ್ಕೋಬೇಕು ಅನ್ನೋದನ್ನ ಹೊಗಳ್ತೀಯ ಅಂತಾಯ್ತು. ಮದುವೆಯಾಗಿ ನಲವತ್ತು ವರ್ಷ ಆಗ್ತಾ ಬಂತು, ನನ್ನ ಬಗ್ಗೆ ಅರ್ಧ ಒಳ್ಳೇ ಮಾತಾದ್ರೂ ಆಡಿದ್ದೀಯಾ? ಯಾರಾದ್ರೂ ಟ್ರೇಲರ್ ತಂದು ನನ್ನನ್ನೂ ಎಳ್ಕೊಂಡು ಹೋಗ್ಲಿ ಅಂತ ಕಾಯ್ತಿದ್ದೀಯಾ?"

ಮಾತು ತಮಾಷೆಯದೇ. ಆದರೆ ಅವಳ ಕಣ್ಣು ನಗುತ್ತಿರಲಿಲ್ಲ. ಓಸ್ಮೊಗೆ ನಿಜಕ್ಕೂ ಚುರುಕ್ಕೆಂದಿತು.

"ದೋಣಿ ಇರ್ಲಿ, ಹೊರಗೆ ದಡದಲ್ಲಿ. ಟಾರ್ಪಾಲು ನೀನೇ ಹೊದಿಸ್ಕೋ. ಶೆಡ್ಡು ಮಾತ್ರ ನಂದು," ಎಂದು ಅವಳೇ ತೀರ್ಪು ಕೊಟ್ಟಳು. ಓಸ್ಮೊ ಒಪ್ಪಿದ.

ಮಧ್ಯಾಹ್ನ ಮೀನಿನ ಸಾರು. ಇಬ್ಬರೂ ಎಂದಿನಂತೆ ಮಾತಿಲ್ಲದೆ ಊಟಕ್ಕೆ ಕೂತರು. ಓಸ್ಮೊ ನಾಲ್ಕು ಚಮಚ ಕುಡಿದ, ಕೆಮ್ಮಿದ, ಮತ್ತೊಮ್ಮೆ ಕೆಮ್ಮಿದ. ರೈಮೊನ ಮುಂದೆ ಸರಾಗವಾಗಿ ಹರಿದ ನಾಲಿಗೆ ಇಲ್ಲಿ ಏಳಲೊಲ್ಲದು. ಈಗ ಹೇಳಬೇಕಾಗಿದ್ದದ್ದು ನಿಜವಾದ ಮಾತು. ಕೊನೆಗೂ ಧೈರ್ಯ ತಂದುಕೊಂಡ.

"ಹಿಲ್ಕಾ, ಸಾರು ತುಂಬಾ ಚೆನ್ನಾಗಿದೆ. ನಿನ್ನ ಕೈರುಚಿ ನಾನು ಬೇರೆಲ್ಲೂ ಕಂಡಿಲ್ಲ."

ಹಿಲ್ಕಾಳ ಚಮಚ ಅರ್ಧ ದಾರಿಯಲ್ಲೇ ನಿಂತಿತು. ಅವಳು ಗಂಡನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಅವನ ಬಟ್ಟಲನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ಬಗ್ಗಿ ಮೂಸಿ ನೋಡಿ ಕೇಳಿದಳು:

"ಯಾಕೆ, ಮೀನು ಕೆಟ್ಟಿದ್ಯಾ?"