ತಾತನ ಪಾಲಿನ ಎಣ್ಣೆ

ಹರಳೆಣ್ಣೆ ಸೀಸೆಯ ಮುಚ್ಚಳ ತೆಗೆದರೆ ಈಗಲೂ ನನ್ನ ಹಣೆಗೆ ತಣ್ಣನೆಯ ಕಲ್ಲು ತಾಗಿದಂತಾಗುತ್ತದೆ.

ಪಾಲಕೋಡಿನ ಹತ್ತಿರ, ನಮ್ಮ ಹೊಲದ ಬದುವಿನ ಮೇಲೆ ಒಂದು ವೀರಗಲ್ಲಿತ್ತು. ಕತ್ತಿ ಹಿಡಿದು ನಿಂತಿದ್ದ ಆ ವೀರನನ್ನು ಮನೆಯವರೆಲ್ಲ ತಾತ ಎನ್ನುತ್ತಿದ್ದೆವು. ದೀಪಾವಳಿ ಬಂತೆಂದರೆ ಮೊದಲು ತಾತನಿಗೆ ಎಣ್ಣೆ, ಆಮೇಲೆ ಮಕ್ಕಳ ತಲೆಗೆ. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಆ ಕಲ್ಲನ್ನು ಪೇಟೆಯ ಮ್ಯೂಸಿಯಮ್ಮಿಗೆ ಸಾಗಿಸಿದರು.

ಹಬ್ಬದ ಹಿಂದಿನ ಮಧ್ಯಾಹ್ನ ಅಜ್ಜಿ ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. “ನಡಿಯಮ್ಮಿ, ತಾತ ಎಲ್ಲಾದ್ರೂ ಇರ್ಲಿ, ಎಣ್ಣೆ ತಪ್ಪಂಗಿಲ್ಲ” ಎಂದು ನನ್ನನ್ನು ಬಸ್ಸು ಹತ್ತಿಸಿದಳು.

ತಾತ ಗಿಡ್ಡ ಸಿಮೆಂಟು ಕಟ್ಟೆಯ ಮೇಲೆ, ಉಜ್ಜಿ ತೊಳೆಸಿಕೊಂಡು ಬೆಳ್ಳಗಾಗಿ, ಪಕ್ಕದಲ್ಲಿ ನಂಬರ್ ಬರೆಸಿಕೊಂಡು ನಿಂತಿದ್ದ. ಅಜ್ಜಿ ಸೀಸೆ ಹೊರತೆಗೆದದ್ದೇ ತಡ, ವಾಚ್‌ಮನ್ ಓಡಿ ಬಂದ.

“ತೊಡಾದೀಂಗ ಪಾಟಿ!” ಮುಟ್ಟಬೇಡಿ ಅಜ್ಜಿ ಎಂದು ತಮಿಳಿನಲ್ಲಿ ಕೂಗುತ್ತ ಕೈ ಅಡ್ಡ ಹಿಡಿದ. ಎಣ್ಣೆ ಬಿದ್ದರೆ ಕಲ್ಲಿನ ಅಕ್ಷರ ಹಾಳಾಗುತ್ತದಂತೆ.

“ಆಗ್ಲಿ ಕಣಪ್ಪಾ, ನಾನು ಮುಟ್ಟಾಕಿಲ್ಲ” ಎಂದಳು ಅಜ್ಜಿ.

ಆ ಸಲ ಎಣ್ಣೆ ಮೊದಲು ಬಿದ್ದದ್ದು ನನ್ನ ತಲೆಗೆ. ಇಡೀ ಸೀಸೆಯನ್ನು ನೆತ್ತಿಯ ಮೇಲೆ ಸುರಿದುಬಿಟ್ಟಳು. ಅದು ಜಿಗುಟಾಗಿ ಹಣೆಗೆ, ಹುಬ್ಬಿಗೆ ಇಳಿಯಿತು.

“ತಾತಂಗೆ ಅಡ್ಡಬೀಳು ಮಗಾ. ಪಾದಕ್ಕೆ ಹಣೆ ಒತ್ತು. ಚೆನ್ನಾಗಿ ಒತ್ತು.”

ಒತ್ತಿದೆ. ತಲೆಯೆತ್ತಿ ನೋಡಿದರೆ ತಾತನ ಪಾದ ಅಂಗೈಯಗಲ ಕಪ್ಪಗೆ ಮಿನುಗುತ್ತಿತ್ತು.

ವಾಚ್‌ಮನ್ ಕಣ್ಣು ಕೆಂಪಗೆ ಮಾಡಿಕೊಂಡು ಅಜ್ಜಿಯತ್ತ ತಿರುಗಿದ. ಅಜ್ಜಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.