ಎಳನೀರು ಕುಡಿದ ಬಸವನಹುಳು

ನನ್ನ ಬಸವನಹುಳುಗಳನ್ನು ಕೊಂದದ್ದು ನಾನೇ, ಚಿಕ್ಕಮ್ಮನ ದೃಷ್ಟಿಯಲ್ಲ. ಹುಳಿತ ಎಳನೀರಿನ ವಾಸನೆ ಬಂದರೆ ಇವತ್ತಿಗೂ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಂದಿನಲ್ಲಿ ಅವನ್ನು ತುರುವೇಕೆರೆಯ ಕೆರೆಯಿಂದ ತಂದು ಗಾಜಿನ ಜಾಡಿಯಲ್ಲಿ ಸಾಕಿದ್ದೆ. ಗಾಜಿನ ಒಳಗೆ ಬೆಂದ ಸಬ್ಬಕ್ಕಿಯಂಥ ಮೊಟ್ಟೆಗಳು ಅಂಟಿದ್ದವು. ಮಕ್ಕಳಾಗದ ಚಿಕ್ಕಮ್ಮ ದಿನವೂ ಬಂದು ನೋಡುತ್ತಿದ್ದಳು. ಒಂದು ದಿನ ಹುಳುಗಳು ಮಂಕಾಗಿದ್ದವು. ಜ್ವರ ಬಂದವರಿಗೆ ಕೊಡುವ ಹಾಗೆ ನಾನು ಜಾಡಿಗೆ ಎಳನೀರು ಸುರಿದೆ. ಮರುದಿನ ಮಧ್ಯಾಹ್ನಕ್ಕೆ ಎಲ್ಲವೂ ಸತ್ತು ನಾರುತ್ತಿದ್ದವು.

"ಹಡೀದೋಳ ಕಣ್ಣು ಬಿದ್ಮೇಲೆ ಮರಿ ಆಯ್ತಾವಾ?" ಎಂದಳು ಅಜ್ಜಿ.

"ಹುಳ ಸತ್ತದ್ದೂ ನನ್ ತಲೆಗೇ ಕಟ್ತೀರಾ, ಅತ್ತೆ?" ಎಂದಳು ಚಿಕ್ಕಮ್ಮ.

ನಾನು ಜಾಡಿಯನ್ನು ಹಿತ್ತಲಿಗೆ ಒಯ್ದು ತೊಳೆದೆ.

ಮಾರನೆಯ ಬೆಳಿಗ್ಗೆ ಕೆರೆಗೆ ಹೋಗಿ ಬೇರೆ ಹುಳುಗಳನ್ನು ತಂದೆ. ಜಾಡಿಯನ್ನು ಚಿಕ್ಕಮ್ಮನ ಕಿಟಕಿಯಲ್ಲಿಟ್ಟು, "ನೀನೇ ನೋಡ್ಕೋ" ಎಂದೆ. ಎಳನೀರಿನ ವಿಷಯ ಮಾತ್ರ ಹೇಳಲಿಲ್ಲ.