ಎಡೆಗೆ ಇಟ್ಟ ಸೀರೆ

ವಸುಮತಿಗೂ ಅವನಿಗೂ ಇದು ಎರಡನೆಯ ಮದುವೆ. ಅವನ ಮೊದಲ ಹೆಂಡತಿ ಅಂಬುಜಾ ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟು ಹೋದವಳು, ಎಲ್ಲಿದ್ದಾಳೋ ಗೊತ್ತಿಲ್ಲ ಎಂದು ಅವನೇ ಹೇಳಿದ್ದ. ಕೋರ್ಟಿನಲ್ಲಿ ವಿಚ್ಛೇದನವೂ ಆಗಿತ್ತು. ಮದುವೆಯ ಮುನ್ನಾದಿನ ವಸುಮತಿ ತನ್ನ ಮಗಳಿಗೂ ಅವನ ಮಗಳಿಗೂ ಒಂದೇ ಬಣ್ಣದ ಲಂಗ ಹೊಲಿಸಿಕೊಂಡು ಬಂದಳು.

ದೇವರ ಮನೆಯಲ್ಲಿ ಅವನ ತಾಯಿ ಬಾಳೆಲೆ ಹಾಸಿದ್ದರು.

"ಮುತ್ತೈದೆಯಾಗಿ ಸತ್ತವರಿಗೆ ಎಡೆ ಇಟ್ಟ ಮೇಲೇ ನಮ್ಮಲ್ಲಿ ಮದುವೆ. ಸೀರೆ ನಿನ್ನ ಕೈಯಿಂದಲೇ ಇಡು ತಾಯಿ, ಇಲ್ಲದಿದ್ರೆ ಮುನಿಸ್ಕೋತಾರೆ."

ವಸುಮತಿ ಎಲೆಯ ಪಕ್ಕ ಹಸಿರು ಸೀರೆ ಇಟ್ಟಳು. "ಇದು ನಿಮ್ಮ ಅತ್ತೆಯವರಿಗಾ?"

"ಅಯ್ಯೋ, ಅವರಿಗೆಲ್ಲಿಯ ಮುತ್ತೈದೆ ಸಾವು! ಮಾವ ಮೊದಲೇ ಹೋದ್ರು."

ಹೋಳಿಗೆಯ ಮೇಲೆ ತುಪ್ಪ ಬಡಿಸಿ, ಅವರು ಖಾಲಿ ಮಣೆಗೆ ಕೈ ಮುಗಿದರು.

"ಉಣ್ಣು ಬಾ ಅಂಬುಜಾ. ನನ್ನ ಮಗ ಮಾಡಿದ್ದನ್ನ ಹೊಟ್ಟೆಗೆ ಹಾಕ್ಕೊಂಡುಬಿಡು."